ಚಾಪ್ಡ್ ಮ್ಯಾಟ್ ಬಿಟ್ಟು ಟ್ವಿಲ್ ಹಿಡಿಯಬೇಕಾ? 200 ಗ್ರಾಂ ಗಾಜಿನ ಬಟ್ಟೆಯ ವಿಮರ್ಶೆ

ಫೈಬರ್‌ಗ್ಲಾಸ್ ಕೆಲಸ ಅಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಚಾಪ್ಡ್ ಮ್ಯಾಟ್ ಕಡೆಗೆ, ಅಂದರೆ ಗಾಜಿನ ಎಳೆಯ ತುಂಡುಗಳನ್ನು ಅಂಟಿಸಿ ಮಾಡಿದ ಹಾಳೆಯ ಕಡೆಗೆ. ಸುಲಭವಾಗಿ ಸಿಗುವುದೂ ಅದೇ, ಬೇಗ ದಪ್ಪ ಬರುವುದೂ ಅದರಲ್ಲೇ. ನಾನು ಟೊಳ್ಳು ಶಿಲ್ಪ ಮಾಡುವವಳು. ಒಳಗೆ ದೀಪ ಇಡುವ ದೊಡ್ಡ ಆಕಾರಗಳು, ಮುಖವಾಡಗಳು, ಆಳೆತ್ತರದ ಮೂರ್ತಿಗಳು ನನ್ನ ಕೆಲಸ. ಈಗ ನನ್ನ ಮೇಜಿನ ಮೇಲೆ ಮ್ಯಾಟ್ ಕಾಣುವುದು ಅಪರೂಪ. ಅದರ ಜಾಗಕ್ಕೆ ಚದರ ಮೀಟರಿಗೆ 200 ಗ್ರಾಂ ತೂಗುವ, ಟ್ವಿಲ್ ನೇಯ್ಗೆಯ ಗಾಜಿನ ಬಟ್ಟೆ ಬಂದಿದೆ. ಇದು ಯಾವುದೋ ಒಂದು ಕಂಪನಿಯ ಮಾಲಿನ ವಿಮರ್ಶೆ ಅಲ್ಲ. ಇದೇ ತೂಕದ, ಇದೇ ನೇಯ್ಗೆಯ ಬಟ್ಟೆಯನ್ನು ಹಲವರು ತಯಾರಿಸುತ್ತಾರೆ. ಯಾರದ್ದೇ ತಗೊಂಡರೂ ಏನು ನೋಡಬೇಕು, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದನ್ನು ಹೇಳುತ್ತೇನೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಡೊಂಕು ಜಾಸ್ತಿ ಇರುವ, ತೆಳುವಾಗಿ ಉಳಿಯಬೇಕಾದ, ಬೆಳಕು ಹಾಯಬೇಕಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗಾಜು ನನಗೆ ಸಿಕ್ಕಿಲ್ಲ. ಸುಮ್ನೆ ದಪ್ಪ ಬೇಕು, ಬೇಗ ಮುಗಿಯಬೇಕು ಅನ್ನುವ ಕೆಲಸಕ್ಕೆ ಇದು ಬೇಡ. ಯಾಕೆ ಅಂದರೆ, ಫೈಬರ್‌ಗ್ಲಾಸ್‌ನಲ್ಲಿ ಭಾರ ಹೊರುವುದು ಗಾಜು. ರೆಸಿನ್, ಅಂದರೆ ಬಟ್ಟೆಗೆ ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ, ಗಾಜನ್ನು ಹಿಡಿದು ನಿಲ್ಲಿಸುತ್ತದೆ, ಒಂದು ಎಳೆಯ ಭಾರವನ್ನು ಪಕ್ಕದ ಎಳೆಗೆ ದಾಟಿಸುತ್ತದೆ, ಅಷ್ಟೇ. ಗಾಜು ಕಡಿಮೆ ಹಾಕಿ ರೆಸಿನ್ ಸುರಿದರೆ ಸಿಗುವುದು ತೂಕ, ಬಲ ಅಲ್ಲ. ಈ ಬಟ್ಟೆಯ ದೊಡ್ಡ ಗುಣ ಅಂದರೆ ಇದು ರೆಸಿನ್ ಜಾಸ್ತಿ ಕುಡಿಯುವುದಿಲ್ಲ.

ಮೊದಲು ಎಳೆಯ ವಿಷಯ. ಈ ಬಟ್ಟೆಯಲ್ಲಿರುವುದು ಇ-ಗ್ಲಾಸ್. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಲಿಕಾ, ಉಳಿದದ್ದು ಹೆಚ್ಚಾಗಿ ಸುಣ್ಣ ಮತ್ತು ಅಲ್ಯುಮಿನಾ. ಬೋರಾನ್ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಕರಗಿದ ಗಾಜನ್ನು ಪ್ಲಾಟಿನಂ ಮತ್ತು ರೋಡಿಯಂ ಬೆರೆಸಿ ಮಾಡಿದ ತಟ್ಟೆಯ ಮೂಲಕ ಇಳಿಸುತ್ತಾರೆ. ಆ ತಟ್ಟೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ತೂತುಗಳು. ಅಲ್ಲಿನ ಬಿಸಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ತೂತಿನಿಂದ ಇಳಿಯುವ ಹನಿಯನ್ನು ಕೆಳಗೆ ತಿರುಗುವ ಉರುಳೆ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಎಳೆಯುತ್ತದೆ. ಮಿಲಿಮೀಟರ್ ಅಳತೆಯ ಧಾರೆ ಕಣ್ಣು ಮಿಟುಕಿಸುವುದರೊಳಗೆ ಹತ್ತು ಮೈಕ್ರಾನ್ ಆಸುಪಾಸಿನ ಎಳೆಯಾಗುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಂಥ ನೂರಾರು ಎಳೆ ಸೇರಿ ಒಂದು ನೂಲು, ಆ ನೂಲಿನಿಂದ ಬಟ್ಟೆ.

ಕಿಟಕಿಯ ಗಾಜು ಒಂದು ಪೆಟ್ಟಿಗೆ ಒಡೆಯುತ್ತದೆ, ಅದೇ ಗಾಜು ಎಳೆಯಾದಾಗ ಇಷ್ಟು ಗಟ್ಟಿ ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಗ್ರಿಫಿತ್ ಎಂಬ ಬ್ರಿಟಿಷ್ ಎಂಜಿನಿಯರ್, 1920ರಲ್ಲಿ. ಗಾಜು ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಬಿರುಕುಗಳಿಂದ. ಎಳೆ ತೆಳುವಾದಷ್ಟೂ ದೊಡ್ಡ ಬಿರುಕಿಗೆ ಜಾಗವೇ ಇಲ್ಲ. ಅವರು ಗಾಜಿನ ಎಳೆಗಳನ್ನು ತೆಳು ಮಾಡುತ್ತಾ ಹೋದಂತೆ ಬಲ ಏರುತ್ತಾ ಹೋಯಿತು. ಹೊಸದಾಗಿ ಎಳೆದ ಇ-ಗ್ಲಾಸ್ ಎಳೆಯ ಬಲ ಸುಮಾರು 3400 ಮೆಗಾಪಾಸ್ಕಲ್. ಮಾಮೂಲಿ ಉಕ್ಕಿನದ್ದು ನಾಲ್ಕೈದು ನೂರು. ಆದರೆ ಈ ಸಂಖ್ಯೆ ಆಗ ತಾನೇ ಎಳೆದ, ಯಾರೂ ಮುಟ್ಟದ ಎಳೆಯದ್ದು. ಎಳೆಗೆ ಎಳೆ ಉಜ್ಜಿದರೂ ಬಲ ಕಡಿಮೆಯಾಗುತ್ತದೆ, ಗಾಳಿಯ ತೇವ ಬಿರುಕಿನೊಳಗೆ ಹೋದರೂ ಕಡಿಮೆಯಾಗುತ್ತದೆ. ಬಟ್ಟೆಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಡಿಸಬಾರದು, ಸುರುಳಿಯಾಗಿಯೇ ಇಡಬೇಕು, ಒಣ ಜಾಗದಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಬೇಕು. ಮಡಿಸಿ ಕಳಿಸುವ ಮಾರಾಟಗಾರರಿದ್ದಾರೆ. ಅಂಥ ಬಟ್ಟೆ ವಾಪಸ್ ಮಾಡಿ. ಮಡಿಕೆಯ ಜಾಗದಲ್ಲಿ ಎಳೆಗಳು ಮುರಿದಿರುತ್ತವೆ. ರೆಸಿನ್ ಹಚ್ಚಿದ ಮೇಲೂ ಅಲ್ಲಿ ಒಂದು ಬಿಳಿ ಗೆರೆ ಉಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇನ್ನು ನೇಯ್ಗೆ. ಸಾದಾ ನೇಯ್ಗೆಯಲ್ಲಿ ಹೊಕ್ಕಿನ ನೂಲು ಹಾಸಿನ ಒಂದು ನೂಲಿನ ಮೇಲೆ, ಒಂದರ ಕೆಳಗೆ ಹೋಗುತ್ತದೆ. ಟ್ವಿಲ್‌ನಲ್ಲಿ ಎರಡರ ಮೇಲೆ, ಎರಡರ ಕೆಳಗೆ. ಹಾಗಾಗಿ ಬಟ್ಟೆಯ ಮೇಲೆ ಓರೆ ಗೆರೆಗಳು ಕಾಣುತ್ತವೆ. ಇದು ಬರೀ ಅಂದದ ವಿಷಯ ಅಲ್ಲ. ನೂಲು ಮೇಲೆ ಕೆಳಗೆ ಆಗುವುದು ಕಡಿಮೆಯಾದಾಗ ಅದು ಪಕ್ಕಕ್ಕೆ ಸರಿಯುವುದಕ್ಕೆ ಜಾಗ ಸಿಗುತ್ತದೆ. ಸಾದಾ ನೇಯ್ಗೆ ಮೂಗಿನ ತುದಿಯ ಹತ್ತಿರ, ಗಲ್ಲದ ಕೆಳಗೆ, ಕಿವಿಯ ಹಿಂದೆ ಸುಕ್ಕುಗಟ್ಟುತ್ತದೆ. ಟ್ವಿಲ್ ಅಲ್ಲೆಲ್ಲ ಒದ್ದೆ ಬಟ್ಟೆ ಮೈಗೆ ಅಂಟಿದ ಹಾಗೆ ಕೂರುತ್ತದೆ. ಕತ್ತರಿಸುವಾಗ ಹಾಸಿನ ನೇರಕ್ಕೆ ಕತ್ತರಿಸದೆ ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿಕೊಂಡರೆ ಇನ್ನೂ ಚೆನ್ನಾಗಿ ಕೂರುತ್ತದೆ, ಅಂಚಿನ ನೂಲೂ ಅಷ್ಟು ಬೇಗ ಬಿಚ್ಚಿಕೊಳ್ಳುವುದಿಲ್ಲ. ಮುಖವಾಡ ಮಾಡುವವರಿಗೆ ಇದೊಂದೇ ಗುಣ ಸಾಕು, ಮ್ಯಾಟ್ ಬಿಡುವುದಕ್ಕೆ.

ಸ್ಯಾಟಿನ್ ನೇಯ್ಗೆ ಇದಕ್ಕಿಂತಲೂ ಚೆನ್ನಾಗಿ ಡೊಂಕಿಗೆ ಬಗ್ಗುತ್ತದೆ, ನಿಜ. ಆದರೆ ಅದು ಕೈಯಲ್ಲಿ ಹಿಡಿದರೆ ಜಾರುತ್ತದೆ, ಕತ್ತರಿಸುವಾಗ ಆಕಾರ ಕಳೆದುಕೊಳ್ಳುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ ಟ್ವಿಲ್ ಸರಿ.

ಕೊಳ್ಳುವಾಗ ಕಡ್ಡಾಯವಾಗಿ ಕೇಳಬೇಕಾದ ಒಂದು ಪ್ರಶ್ನೆ ಇದೆ: ಬಟ್ಟೆಗೆ ಯಾವ ಲೇಪ ಕೊಟ್ಟಿದ್ದಾರೆ? ಮಗ್ಗದಲ್ಲಿ ನೂಲು ತುಂಡಾಗದಿರಲಿ ಅಂತ ಮೊದಲು ಪಿಷ್ಟ ಮತ್ತು ಎಣ್ಣೆಯ ಲೇಪ ಹಚ್ಚುತ್ತಾರೆ. ನೇಯ್ದ ಮೇಲೆ ಬಟ್ಟೆಯನ್ನು ಕಾಯಿಸಿ ಅದನ್ನು ಸುಟ್ಟು ತೆಗೆದು, ಸಿಲೇನ್ ಲೇಪ ಕೊಡುತ್ತಾರೆ. ಸಿಲೇನ್‌ನ ಒಂದು ತುದಿ ಗಾಜನ್ನು ಹಿಡಿಯುತ್ತದೆ, ಇನ್ನೊಂದು ತುದಿ ರೆಸಿನ್ ಜೊತೆ ಬೆಸೆಯುತ್ತದೆ. ಇದು ಇಲ್ಲದಿದ್ದರೆ ಗಾಜಿಗೂ ರೆಸಿನ್‌ಗೂ ನಂಟೇ ಇಲ್ಲ. ಕೆಲವು ಕಡೆ ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಹಾಗೇ ಮಾರುತ್ತಾರೆ. ಅದು ಶಾಖ ತಡೆಯುವ ಹೊದಿಕೆಗೆ, ಪೈಪಿಗೆ ಸುತ್ತುವುದಕ್ಕೆ ಸರಿ. ರೆಸಿನ್ ಕೆಲಸಕ್ಕೆ ಬರುವುದಿಲ್ಲ. ನೋಡುವುದಕ್ಕೆ ಎರಡೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಒಂದು ಸಣ್ಣ ತುಂಡನ್ನು ಬಿಸಿ ಗಾಳಿಯ ಗನ್‌ನಿಂದ ಕಾಯಿಸಿ ನೋಡಿ. ಪಿಷ್ಟದ ಲೇಪ ಇದ್ದರೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಸಿಲೇನ್ ಲೇಪ ಎಷ್ಟು ತೆಳು ಅಂದರೆ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಎಪಾಕ್ಸಿ ರೆಸಿನ್‌ಗೆ ಹೊಂದುವ ಸಿಲೇನ್ ಬೇರೆ, ಪಾಲಿಯೆಸ್ಟರ್ ರೆಸಿನ್‌ಗೆ ಹೊಂದುವುದು ಬೇರೆ. ಎರಡಕ್ಕೂ ನಡೆಯುವ ಲೇಪಗಳೂ ಇವೆ. ಚೀಟಿಯಲ್ಲಿ ಬರೆದಿಲ್ಲ ಅಂದರೆ ಕೇಳಿ ತಿಳಿದುಕೊಳ್ಳಿ.

ಈಗ ಈ ಬಟ್ಟೆಯ ಅತ್ಯಂತ ಚೆಂದದ ಗಳಿಗೆಗೆ ಬರುತ್ತೇನೆ. ಒಣ ಬಟ್ಟೆ ಬಿಳಿ. ಅದರ ಮೇಲೆ ಎಪಾಕ್ಸಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಬಿಳುಪು ಕರಗಿ ಬಟ್ಟೆಯೇ ಕಾಣದಂತಾಗುತ್ತದೆ. ಕೆಳಗಿನ ಅಚ್ಚಿನ ಬಣ್ಣ ಎದ್ದು ಬರುತ್ತದೆ. ಇದರ ಕಾರಣ ಸರಳ. ಇ-ಗ್ಲಾಸ್ ಬೆಳಕನ್ನು ಬಾಗಿಸುವ ಪ್ರಮಾಣ 1.55ರ ಆಸುಪಾಸು. ಗಟ್ಟಿಯಾದ ಎಪಾಕ್ಸಿಯದ್ದೂ ಅದರ ಹತ್ತಿರವೇ. ಗಾಳಿಯದ್ದು 1. ಒಣ ಬಟ್ಟೆಯಲ್ಲಿ ಬೆಳಕು ಗಾಜಿನಿಂದ ಗಾಳಿಗೆ, ಗಾಳಿಯಿಂದ ಗಾಜಿಗೆ ಸಾವಿರ ಸಲ ದಾಟಬೇಕು, ಪ್ರತಿ ಸಲವೂ ಚದುರುತ್ತದೆ. ಹಾಗಾಗಿ ಬಿಳಿ. ಗಾಳಿಯ ಜಾಗಕ್ಕೆ ರೆಸಿನ್ ಬಂದ ಕೂಡಲೇ ಚದುರುವುದು ನಿಲ್ಲುತ್ತದೆ.

ಇದರಿಂದ ಕೆಲಸಗಾರರಿಗೆ ಒಂದು ದೊಡ್ಡ ಉಪಕಾರ. ಎಲ್ಲಿ ರೆಸಿನ್ ತಲುಪಿಲ್ಲವೋ ಅಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಗಾಳಿಗುಳ್ಳೆ ಇದ್ದರೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಕಾರ್ಬನ್ ಬಟ್ಟೆ ಈ ಉಪಕಾರ ಮಾಡುವುದಿಲ್ಲ. ಅದು ಕಪ್ಪು, ಒಳಗಿನ ತಪ್ಪು ಕಾಣುವುದೇ ಇಲ್ಲ. ಗಾಜು ತಪ್ಪನ್ನು ಕೂಡಲೇ ತೋರಿಸುತ್ತದೆ, ರೆಸಿನ್ ಇನ್ನೂ ಹಸಿ ಇರುವಾಗಲೇ ತಿದ್ದಬಹುದು. ನನ್ನ ಹತ್ತಿರ ಕೆಲಸ ಕಲಿಯುವುದಕ್ಕೆ ಬರುವವರಿಗೆ ಮೊದಲು ಇದನ್ನೇ ಕೈಗೆ ಕೊಡುತ್ತೇನೆ. ಬಣ್ಣ ಬೆರೆಸದ ಎಪಾಕ್ಸಿ, 200 ಗ್ರಾಂ ಟ್ವಿಲ್, ಕಪ್ಪು ಬಣ್ಣದ ಅಚ್ಚು. ಕಪ್ಪಿನ ಮೇಲೆ ಬಿಳಿ ಎಲ್ಲಿ ಉಳಿದಿದೆ ಅಂತ ಹುಡುಕಿ ರೋಲರ್ ಓಡಿಸಬೇಕು. ನೋಡುವ ಕಣ್ಣು ಹಾಗೇ ತಯಾರಾಗುತ್ತದೆ.

200 ಗ್ರಾಂ ಬಟ್ಟೆ ಪೂರ್ತಿ ನೆನೆಯುವುದಕ್ಕೆ ಹೆಚ್ಚು ಕಡಿಮೆ ತನ್ನ ತೂಕದಷ್ಟೇ ರೆಸಿನ್ ಸಾಕು. ಕೈ ಪಳಗಿದರೆ ಇನ್ನೂ ಕಡಿಮೆ. ಇದೇ ತೂಕ ಬಿಟ್ಟು 400, 600 ಗ್ರಾಂನ ರೋವಿಂಗ್, ಅಂದರೆ ದಪ್ಪ ನೂಲಿನ ಒರಟು ಬಟ್ಟೆ ತಗೊಂಡರೆ ನೂಲಿನ ನಡುಭಾಗಕ್ಕೆ ರೆಸಿನ್ ಇಳಿಯುವುದು ನಿಧಾನ. ಮೇಲೆ ಒದ್ದೆ ಕಾಣುತ್ತದೆ, ಒಳಗೆ ಒಣಗಿರುತ್ತದೆ. 80 ಗ್ರಾಂ, 100 ಗ್ರಾಂನ ತೆಳು ಬಟ್ಟೆ ಬೇಗ ನೆನೆಯುತ್ತದೆ, ಆದರೆ ಬ್ರಷ್ ತಾಗಿದರೆ ಸಾಕು, ನೇಯ್ಗೆ ಚದುರಿ ಹೋಗುತ್ತದೆ. 200 ಗ್ರಾಂ ಕೈಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮ್ಯಾಟ್ ಜೊತೆ ಹೋಲಿಸದೆ ಈ ವಿಮರ್ಶೆ ಪೂರ್ತಿ ಆಗುವುದಿಲ್ಲ. ದೋಣಿ ರಿಪೇರಿ ಮಾಡುವ ಗೆಳೆಯರೊಬ್ಬರು ಇದ್ದಾರೆ. ನನಗೂ ಅವರಿಗೂ ಈ ವಿಷಯದಲ್ಲಿ ವಾದ ನಡೆಯುತ್ತಲೇ ಇರುತ್ತದೆ. "ನಿಮ್ಮ ಬಟ್ಟೆ ಒಂಬತ್ತು ಪದರ ಹಾಕುವಷ್ಟರಲ್ಲಿ ನಾನು ಎರಡು ಪದರ ಮ್ಯಾಟ್ ಹಾಕಿ ಮನೆಗೆ ಹೋಗಿರುತ್ತೇನೆ" ಅನ್ನುತ್ತಾರೆ. ಅವರ ಲೆಕ್ಕ ಸರಿ. 450 ಗ್ರಾಂ ಮ್ಯಾಟ್‌ನ ಒಂದು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಈ ಟ್ವಿಲ್ ಒಂದು ಪದರಕ್ಕೆ ಕೊಡುವುದು ಕಾಲು ಮಿಲಿಮೀಟರ್‌ಗಿಂತ ಕಡಿಮೆ. ಎರಡು ಮಿಲಿಮೀಟರ್ ಬೇಕಾದರೆ ಎಂಟೊಂಬತ್ತು ಪದರ ಹಾಕಬೇಕು.

ಆದರೆ ಪೂರ್ತಿ ಲೆಕ್ಕ ನೋಡಬೇಕು ಅಲ್ವಾ? ಮ್ಯಾಟ್ ತನ್ನ ತೂಕದ ಎರಡು, ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಅಂದರೆ ಗಟ್ಟಿಯಾದ ತಗಡಿನಲ್ಲಿ ಗಾಜು ಮೂರನೇ ಒಂದು ಭಾಗ ಮಾತ್ರ. ಬಟ್ಟೆಯ ತಗಡಿನಲ್ಲಿ ಅರ್ಧ ಗಾಜು. ಮ್ಯಾಟ್‌ನಲ್ಲಿ ಗಾಜು ತುಂಡು ತುಂಡು, ದಿಕ್ಕಿಲ್ಲದೆ ಬಿದ್ದಿರುತ್ತದೆ. ಬಟ್ಟೆಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕಡಿಯದ ಎಳೆ. ಹಾಗಾಗಿ ಬಟ್ಟೆಯ ತಗಡು ಎರಡು ಮಿಲಿಮೀಟರ್ ಇರಬೇಕಾಗಿಯೇ ಇಲ್ಲ. ಡೊಂಕು ಚೆನ್ನಾಗಿದ್ದರೆ ನಾಲ್ಕೈದು ಪದರದಲ್ಲೇ ನಿಲ್ಲುತ್ತದೆ. ಗಾಜಿನ ಎಳೆಯ ಬಿಗಿ ಅಲ್ಯುಮಿನಿಯಂನಷ್ಟು, ರೆಸಿನ್ ಸೇರಿದ ಮೇಲೆ ಅದಕ್ಕಿಂತ ಬಹಳ ಕಡಿಮೆ. ಚಪ್ಪಟೆ ಹಲಗೆ ಮಾಡಿದರೆ ಬಳುಕುತ್ತದೆ. ಬಿಗಿ ಬರುವುದು ಆಕಾರದಿಂದ. ಶಿಲ್ಪದಲ್ಲಿ ಭುಜ, ತೊಡೆ, ಬೆನ್ನು ಎಲ್ಲವೂ ಉಬ್ಬಿ ತಿರುಗುವ ಮೇಲ್ಮೈಗಳೇ. ನಮಗೆ ದಪ್ಪ ಯಾಕೆ ಬೇಕು?

ಇನ್ನೊಂದು ಮಾತು. ಮ್ಯಾಟ್‌ನ ತುಂಡುಗಳನ್ನು ಅಂಟಿಸಿರುವ ಪುಡಿ ಅಥವಾ ದ್ರವದ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅಂಟು ಕರಗದೆ ಮ್ಯಾಟ್ ಸೆಟೆದುಕೊಂಡೇ ಇರುತ್ತದೆ, ಮೂಲೆಗೆ ಕೂರುವುದಿಲ್ಲ. ಎಪಾಕ್ಸಿ ಬಳಸುವವರು ಮ್ಯಾಟ್ ಬೇಕೇ ಬೇಕು ಅಂದರೆ ಅಂಟಿಲ್ಲದ, ಹೊಲಿದ ಮ್ಯಾಟ್ ಹುಡುಕಬೇಕು. ಟ್ವಿಲ್‌ಗೆ ಈ ತಾಪತ್ರಯ ಇಲ್ಲ.

ಹಾಗಂತ ದೋಣಿಯ ಅಡಿಭಾಗಕ್ಕೆ ಬರೀ ಈ ಬಟ್ಟೆ ಹಾಕಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಗೆಳೆಯರೇ ಸರಿ. ದಪ್ಪ ರೋವಿಂಗ್ ಪದರಗಳ ನಡುವೆ ಮ್ಯಾಟ್ ಹಾಕಿದರೆ ಉಬ್ಬುತಗ್ಗು ತುಂಬಿಕೊಳ್ಳುತ್ತದೆ, ಪದರಗಳು ಬೇರೆಯಾಗುವುದು ತಪ್ಪುತ್ತದೆ. ಪ್ರತಿಯೊಂದಕ್ಕೂ ಅದರದ್ದೇ ಕೆಲಸ ಇದೆ.

ಇದೇ ಗಾಜು ಬೇರೆ ಬೇರೆ ಕಡೆ ಏನು ಮಾಡುತ್ತಿದೆ ನೋಡಿದರೆ ಖುಷಿಯಾಗುತ್ತದೆ. ಮೊಬೈಲ್ ಒಳಗಿನ ಹಸಿರು ಸರ್ಕಿಟ್ ಬೋರ್ಡ್ ಅಂದರೆ ಎಪಾಕ್ಸಿ ಕುಡಿದ ತೆಳು ಗಾಜಿನ ಬಟ್ಟೆಯ ಪದರಗಳು. ಗಾಳಿಯಂತ್ರದ ಉದ್ದನೆಯ ರೆಕ್ಕೆಗಳಲ್ಲಿ ಹೆಚ್ಚಿನ ಪಾಲು ಗಾಜಿನ ನಾರು. 1953ರ ಷೆವ್ರೊಲೆ ಕಾರ್ವೆಟ್ ಕಾರಿನ ಮೈ ಪೂರ್ತಿ ಫೈಬರ್‌ಗ್ಲಾಸ್. ಆ ಮೊದಲ ವರ್ಷ 300 ಕಾರುಗಳನ್ನಷ್ಟೇ ಮಾಡಿದರು. ಜೆದ್ದಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್‌ನ ಡೇರೆಯಂಥ ಮಾಡು ಟೆಫ್ಲಾನ್ ಲೇಪದ ಗಾಜಿನ ಬಟ್ಟೆ. ಬಿಸಿಲು ತಡೆದು ಬೆಳಕು ಬಿಡುವ ಗುಣ ಅಲ್ಲೂ ಕೆಲಸಕ್ಕೆ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕನ್ನೇ ಉದ್ದಕ್ಕೆ ಓಡಿಸುವ ಆಪ್ಟಿಕಲ್ ಫೈಬರ್ ಬೇರೆಯೇ ಲೋಕ, ಅದರ ಗಾಜೂ ಬೇರೆ. ಅದರ ಬಗ್ಗೆ ಇಲ್ಲಿ ಬೇಡ.

ಒಂದು ಎಚ್ಚರಿಕೆ ಮಾತ್ರ ಬಿಡುವ ಹಾಗಿಲ್ಲ. ಈ ಬಟ್ಟೆಯನ್ನು ಸಿಮೆಂಟಿನಲ್ಲಿ ಹಾಕಬೇಡಿ. ಸಿಮೆಂಟಿನ ಕ್ಷಾರ ಇ-ಗ್ಲಾಸನ್ನು ನಿಧಾನವಾಗಿ ತಿನ್ನುತ್ತದೆ. ಸಿಮೆಂಟ್ ಶಿಲ್ಪಕ್ಕೆ ಜಿರ್ಕೋನಿಯಾ ಬೆರೆಸಿದ, ಕ್ಷಾರ ತಡೆಯುವ ಗಾಜು ಬೇರೆ ಸಿಗುತ್ತದೆ. 1970ರ ದಶಕದ ಆರಂಭದಿಂದಲೇ ಅದು ಮಾರುಕಟ್ಟೆಯಲ್ಲಿದೆ. ಚೀಟಿಯಲ್ಲಿ ಎ.ಆರ್. ಅಂತ ಇರಬೇಕು.

ಬಟ್ಟೆ ಹೀಗೆ ಬಗ್ಗುವುದಕ್ಕೆ ನೇಯ್ಗೆಯ ಜೊತೆಗೆ ಎಳೆ ತೆಳುವಾಗಿರುವುದೂ ಕಾರಣ, ಅದಕ್ಕೊಂದು ಹಳೆಯ ಉದಾಹರಣೆ ಇದೆ. 1893ರಲ್ಲಿ ಷಿಕಾಗೋದ ವಿಶ್ವ ಮೇಳದಲ್ಲಿ ಎಡ್ವರ್ಡ್ ಲಿಬ್ಬಿ ಅವರ ಗಾಜಿನ ಕಂಪನಿ ಒಂದು ಉಡುಪು ತೋರಿಸಿತು. ಗಾಜಿನ ನೂಲು ಮತ್ತು ರೇಷ್ಮೆ ಸೇರಿಸಿ ನೇಯ್ದದ್ದು, ಜಾರ್ಜಿಯಾ ಕೇವನ್ ಎಂಬ ನಟಿಗಾಗಿ ಮಾಡಿದ್ದು. ನೋಡುವುದಕ್ಕೆ ಹೊಳೆಯುತ್ತಿತ್ತು. ಆದರೆ ಆ ಗಾಜಿನ ಎಳೆ ದಪ್ಪ, ಮಡಿಸಿದರೆ ಮುರಿಯುತ್ತಿತ್ತು. ಮುಂದೆ 1967ರಲ್ಲಿ ಅಪೊಲೊ ನೌಕೆಯೊಳಗೆ ಬೆಂಕಿ ಬಿದ್ದು ಮೂವರು ಗಗನಯಾನಿಗಳು ಸತ್ತ ಮೇಲೆ ನಾಸಾ ಉರಿಯದ ಬಟ್ಟೆ ಹುಡುಕಿತು. ಆಗ ಬಂದ ಬೀಟಾ ಬಟ್ಟೆಯ ಗಾಜಿನ ಎಳೆ ನಾಲ್ಕು ಮೈಕ್ರಾನ್‌ಗಿಂತ ತೆಳು. ಮೇಲೆ ಟೆಫ್ಲಾನ್ ಲೇಪ. ಅದನ್ನು ಹೊರಪದರವಾಗಿ ತೊಟ್ಟು ಮನುಷ್ಯರು ಚಂದ್ರನ ಮೇಲೆ ನಡೆದರು. ನಮ್ಮ ಟ್ವಿಲ್ ಇವೆರಡರ ನಡುವೆ ಇದೆ. ತೊಡುವುದಕ್ಕೆ ಆಗದು, ಆದರೆ ಮೂಗಿನ ತುದಿಯನ್ನು ಮುರಿಯದೆ ಸುತ್ತಿ ಬರುತ್ತದೆ.

ಕಲೆಯ ಮಾತಿಗೆ ಬಂದರೆ, ಗಾಜಿನ ನಾರನ್ನು ಬಣ್ಣದ ಕೆಳಗೆ ಮುಚ್ಚಿಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಕಲ್ಲಿನ ಹಾಗೆ, ಕಂಚಿನ ಹಾಗೆ ಬಣ್ಣ ಹೊಡೆದು ಗಾಜನ್ನು ಅಡಗಿಸುತ್ತಾರೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1950ರಲ್ಲಿ ಹೊರತಂದ ಕುರ್ಚಿಯನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಅದರ ಚಿಪ್ಪಿನಲ್ಲಿ ಗಾಜಿನ ಎಳೆಗಳು ಹಾಗೇ ಕಾಣುತ್ತವೆ. ಬಟ್ಟೆ ಹೊದಿಸಲಿಲ್ಲ, ದಪ್ಪ ಬಣ್ಣ ಬಳಿಯಲಿಲ್ಲ. ಶಿಲ್ಪಿ ಇವಾ ಹೆಸ್ ಇನ್ನೂ ಮುಂದೆ ಹೋದರು. 1968ರ ಆಸುಪಾಸಿನಲ್ಲಿ ಅವರು ಫೈಬರ್‌ಗ್ಲಾಸ್‌ನಿಂದ ಮಾಡಿದ ಡೊಂಕುಡೊಂಕಾದ ಟೊಳ್ಳು ಪಾತ್ರೆಗಳಂಥ ಆಕಾರಗಳಲ್ಲಿ ಬೆಳಕು ಗೋಡೆಯೊಳಗೆ ನಿಂತ ಹಾಗೆ ಕಾಣುತ್ತದೆ. 34ನೇ ವಯಸ್ಸಿಗೆ ತೀರಿಕೊಂಡರು. ಅವರ ಕೆಲಸಗಳಲ್ಲಿ ಕೆಲವು ಕಾಲ ಕಳೆದಂತೆ ಹಳದಿಯಾಗಿವೆ. ಹಳದಿಯಾಗುವುದು ಗಾಜಲ್ಲ, ರೆಸಿನ್.

ಹಾಗಾಗಿ ದೀಪದ ಕೆಲಸಕ್ಕೆ ಈ ಬಟ್ಟೆ ಬಳಸುವವರು ಬಟ್ಟೆಗಿಂತ ರೆಸಿನ್ ಬಗ್ಗೆ ಜಾಸ್ತಿ ಯೋಚಿಸಬೇಕು. ಮಾಮೂಲಿ ಎಪಾಕ್ಸಿ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ನೇರಳಾತೀತ ಕಿರಣ ತಡೆಯುವ ರೆಸಿನ್ ತಗೊಳ್ಳಿ, ಮೇಲೆ ಅಂಥದ್ದೇ ವಾರ್ನಿಷ್ ಹಚ್ಚಿ. ಒಳಗೆ ತಣ್ಣಗಿರುವ ಎಲ್ಇಡಿ ಇಡಿ. ಮಾಮೂಲಿ ರೆಸಿನ್ 60, 70 ಡಿಗ್ರಿಗೇ ಮೆತ್ತಗಾಗಬಹುದು, ಗಾಜು ಮಾತ್ರ 800 ಡಿಗ್ರಿ ದಾಟಿದರೂ ಕರಗುವುದಿಲ್ಲ. ಒಂದು, ಎರಡು, ಮೂರು ಪದರ ಇರುವ ಜಾಗಗಳನ್ನು ಬೇಕೆಂದೇ ಬೇರೆ ಬೇರೆ ಮಾಡಿದರೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಟ್ವಿಲ್‌ನ ಓರೆ ಗೆರೆಗಳು ಬೆಳಕಿನ ಎದುರು ನವಿರಾಗಿ ಮೂಡುತ್ತವೆ. ಎರಡು ಪದರವನ್ನು ಎದುರು ಬದುರಾಗಿ ಓರೆ ಹಾಕಿದರೆ ಗೆರೆಗಳು ಸೇರಿ ಸಣ್ಣ ಅಲೆಗಳ ವಿನ್ಯಾಸ ಹುಟ್ಟುತ್ತದೆ. ರೆಕ್ಕೆಯ ಆಕಾರದ ಒಂದು ದೀಪಕ್ಕೆ ನಾನು ಹೀಗೆ ಮಾಡಿದ್ದೇನೆ. ಬುಡದಲ್ಲಿ ಐದು ಪದರ, ತುದಿಯಲ್ಲಿ ಒಂದೇ. ಒಂದು ಚುಕ್ಕಿ ಬಣ್ಣವನ್ನೂ ಹಾಕಿಲ್ಲ. ನನ್ನ ಕೆಲಸಗಳಲ್ಲಿ ನನಗೆ ಅದೇ ಹೆಚ್ಚು ಇಷ್ಟ.

ಕೊರತೆಗಳು ಇಲ್ಲವೇ? ಇವೆ. ನುಣುಪಾದ ಬಣ್ಣದ ಮೇಲ್ಮೈ ಬೇಕಾದವರಿಗೆ ನೇಯ್ಗೆಯ ಅಚ್ಚು ಮೇಲೆ ಮೂಡುವ ತೊಂದರೆ ಇದೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಕೆಲವು ವಾರಗಳ ಮೇಲೆ ಬಿಸಿಲಿಗೆ ಇಟ್ಟಾಗ ಓರೆ ಗೆರೆಗಳು ಬಣ್ಣದ ಮೇಲೆ ಎದ್ದು ಕಾಣಬಹುದು. ಇದಕ್ಕೆ ಪರಿಹಾರ, ಜೆಲ್ ಕೋಟ್‌ಗೂ (ಎಲ್ಲಕ್ಕಿಂತ ಹೊರಗಿನ ನುಣುಪು ರೆಸಿನ್ ಪದರ) ಬಟ್ಟೆಗೂ ನಡುವೆ 30 ಗ್ರಾಂನ ತೆಳು ಗಾಜಿನ ಟಿಶ್ಯೂ ಒಂದು ಪದರ ಹಾಕುವುದು. ದಪ್ಪ ರೋವಿಂಗ್‌ಗೆ ಹೋಲಿಸಿದರೆ ಟ್ವಿಲ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತಲ್ಲ. ಚೂಪು ಮೂಲೆಗೆ ಯಾವ ಬಟ್ಟೆಯೂ ಕೂರುವುದಿಲ್ಲ. ಅಲ್ಲಿ ರೆಸಿನ್‌ಗೆ ಗಾಜಿನ ಪುಡಿ ಮತ್ತು ಸಿಲಿಕಾ ಪುಡಿ ಬೆರೆಸಿ ಮೊದಲು ಮೂಲೆಯನ್ನು ದುಂಡಗೆ ತುಂಬಿಕೊಳ್ಳಬೇಕು. ಅಂಚು ಬಿಚ್ಚಿಕೊಳ್ಳುವುದು ಇನ್ನೊಂದು ಕಿರಿಕಿರಿ. ಕತ್ತರಿಸುವ ಗೆರೆಯ ಮೇಲೆ ಮೊದಲು ಕಾಗದದ ಟೇಪ್ ಅಂಟಿಸಿ, ಟೇಪಿನ ನಡುವೆ ಕತ್ತರಿಸಿದರೆ ನೂಲು ಅಲ್ಲೇ ನಿಲ್ಲುತ್ತದೆ.

ಮೈ ತುರಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಟ್ಟೆ ಹಿಡಿದಾಗ ಅಷ್ಟಾಗಿ ತುರಿಸುವುದಿಲ್ಲ. ಗಟ್ಟಿಯಾದ ಮೇಲೆ ಉಜ್ಜುವಾಗ ಏಳುವ ಧೂಳು ಚುಚ್ಚುತ್ತದೆ. ಈ ಎಳೆ ಅಡ್ಡಕ್ಕೆ ತುಂಡಾಗುತ್ತದೆ, ಆಸ್ಬೆಸ್ಟಾಸ್ ಹಾಗೆ ಉದ್ದಕ್ಕೆ ಸೀಳಿ ಇನ್ನಷ್ಟು ತೆಳು ಆಗುವುದಿಲ್ಲ. ಹಾಗಾಗಿ ಎಳೆ ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2001ರ ಪರಿಶೀಲನೆಯಲ್ಲಿ ಇಂಥ ಉದ್ದನೆಯ ಎಳೆಯ ಗಾಜನ್ನು ಮೂರನೇ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸುವುದಕ್ಕೆ ಆಧಾರ ಸಾಲದು ಅಂತ. ಇದನ್ನು ಓದಿ ಮಾಸ್ಕ್ ತೆಗೆದಿಡಬೇಡಿ. ಉಜ್ಜುವ ಧೂಳಿನಲ್ಲಿ ರೆಸಿನ್ ಪುಡಿಯೂ ಇರುತ್ತದೆ. ನೀರು ಹಾಕಿ ಉಜ್ಜಿ, ಉದ್ದ ತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಮೇಲೆ ಮೈಯನ್ನು ತಣ್ಣೀರಿನಿಂದ ತೊಳೆಯಿರಿ, ಆ ಬಟ್ಟೆಗಳನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ.

ನಿಜವಾದ ಅಪಾಯ ರೆಸಿನ್ ಕಡೆಯದ್ದು. ದೊಡ್ಡ ದೊಡ್ಡ ಬಣ್ಣದ ಹೆಣ್ಣು ಮೂರ್ತಿಗಳನ್ನು ಮಾಡಿದ ಶಿಲ್ಪಿ ನಿಕಿ ದ ಸಾಂ ಫಾಲ್ ಪಾಲಿಯೆಸ್ಟರ್‌ನ ಹೊಗೆ ಮತ್ತು ಧೂಳಿನಲ್ಲಿ ಕೆಲಸ ಮಾಡಿ ಶ್ವಾಸಕೋಶ ಕೆಡಿಸಿಕೊಂಡರು. ಕೊನೆಯವರೆಗೂ ಉಸಿರಾಟದ ತೊಂದರೆ ಅವರನ್ನು ಬಿಡಲಿಲ್ಲ. ಪಾಲಿಯೆಸ್ಟರ್ ಬಳಸುವವರು ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಲೇಬೇಕು. ಬಟ್ಟೆಯ ಮಾಸ್ಕ್ ಏನೂ ಮಾಡುವುದಿಲ್ಲ. ಪಾಲಿಯೆಸ್ಟರ್ ಗಟ್ಟಿಯಾಗಲಿ ಅಂತ ಹಾಕುವ ಎಂಇಕೆಪಿ ಎಂಬ ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಇಲ್ಲದೆ ಬಾಟಲಿ ಮುಟ್ಟಬೇಡಿ. ಅದನ್ನೂ, ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ದ್ರಾವಣವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಎಪಾಕ್ಸಿಯಲ್ಲಿ ವಾಸನೆ ಕಡಿಮೆ, ಆದರೆ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಶುರುವಾಗುತ್ತದೆ. ಒಮ್ಮೆ ಬಂದರೆ ಜೀವಮಾನವಿಡೀ ಇರುತ್ತದೆ. ನೈಟ್ರೈಲ್ ಕೈಗವಸು ಹಾಕಿ, ಅಂಟಿದ ಕೂಡಲೇ ಬದಲಾಯಿಸಿ.

ಗಟ್ಟಿಯಾದ ಫೈಬರ್‌ಗ್ಲಾಸನ್ನು ಮತ್ತೆ ಕರಗಿಸಿ ಬಳಸುವುದಕ್ಕೆ ಆಗುವುದಿಲ್ಲ ಅನ್ನುವುದು ನನ್ನನ್ನು ಕಾಡುವ ವಿಷಯ. ಹಳೆಯ ಗಾಳಿಯಂತ್ರದ ರೆಕ್ಕೆಗಳನ್ನು ಏನು ಮಾಡುವುದು ಅನ್ನುವುದು ದೊಡ್ಡ ಪ್ರಶ್ನೆಯಾಗಿದೆ. ನಾನು ಮಾಡುವುದು ಇಷ್ಟೇ: ಕಡಿಮೆ ಪದರ, ಕಡಿಮೆ ರೆಸಿನ್, ಬೇಕಾದಷ್ಟೇ ಕತ್ತರಿಸುವುದು. ಉಳಿದ ತುಂಡುಗಳನ್ನು ಅಳತೆ ಪ್ರಕಾರ ಡಬ್ಬಿಗಳಲ್ಲಿ ಇಡುತ್ತೇನೆ. ಬೆರಳುದ್ದದ ಪಟ್ಟಿಗಳು ಕೂಡ ಒಳಗಿನ ಜೋಡಣೆಗೆ ಬರುತ್ತವೆ.

ಯಾರು ಕೊಳ್ಳಬೇಕು ಅಂತ ಕೇಳಿದರೆ, ಮುಖವಾಡ, ದೀಪ, ಟೊಳ್ಳು ಶಿಲ್ಪ, ಮಾದರಿ ವಿಮಾನ, ಮರದ ದೋಣಿಯ ಮೇಲಿನ ತೆಳು ಹೊದಿಕೆ, ಸಿಲಿಕೋನ್ ಅಚ್ಚಿನ ಹೊರಚಿಪ್ಪು ಮಾಡುವವರು ಕಣ್ಣು ಮುಚ್ಚಿ ತಗೊಳ್ಳಬಹುದು. ನೀರಿನ ಟ್ಯಾಂಕು, ದಪ್ಪ ಹಲಗೆ, ದೊಡ್ಡ ಅಚ್ಚು ಮಾಡುವವರು ಮ್ಯಾಟ್ ಮತ್ತು ರೋವಿಂಗ್‌ನಲ್ಲೇ ಇರಲಿ. ಮೊದಲು ಸಣ್ಣ ತುಂಡು ತರಿಸಿ, ಕಾಯಿಸಿ ನೋಡಿ, ಕಪ್ಪು ಮೇಲ್ಮೈ ಮೇಲೆ ನೆನೆಸಿ ನೋಡಿ, ಆಮೇಲೆ ಸುರುಳಿ ತಗೊಳ್ಳಿ.

ತಯಾರಿಸುವವರಿಗೆ ನನ್ನ ಮೂರು ಬೇಡಿಕೆ. ಲೇಪದ ಹೆಸರನ್ನೂ ಅದು ಯಾವ ರೆಸಿನ್‌ಗೆ ಹೊಂದುತ್ತದೆ ಅನ್ನುವುದನ್ನೂ ಚೀಟಿಯ ಮೇಲೆ ಬರೆಯಿರಿ. ಹಾಸಿನ ದಿಕ್ಕು ಗೊತ್ತಾಗುವ ಹಾಗೆ ಅಲ್ಲಲ್ಲಿ ಒಂದು ಬಣ್ಣದ ನೂಲು ಹಾಕಿ, ಓರೆ ಕತ್ತರಿಸುವಾಗ ಅಳತೆ ತಪ್ಪುವುದಿಲ್ಲ. ಐದು ಮೀಟರ್ ಕೊಳ್ಳುವವರಿಗೂ ರಟ್ಟಿನ ಕೊಳವೆಗೆ ಸುತ್ತಿ ಕಳಿಸಿ.